ಹಡಗಿನಲ್ಲೇ ಉಳಿದ ಭೂಗೋಳದ ಮಾಸ್ತರ

ಭೂಗೋಳ ಕಲಿಸುವ ಮಾಸ್ತರರಿಗೆ ಒಂದು ದೊಡ್ಡ ಅನುಕೂಲವಿದೆ. ತಾವು ಕಲಿಸುವ ಜಾಗವನ್ನು ಅವರು ನೋಡಿ ಬಂದಿರಬೇಕೆಂದು ಯಾರೂ ಬಯಸುವುದಿಲ್ಲ. ಈಜು ಕಲಿಸುವವನು ಒಮ್ಮೆಯಾದರೂ ನೀರಿಗೆ ಇಳಿಯಬೇಕು. ನಾನಾದರೋ ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ, ಗೋಡೆಗೆ ತೂಗುಹಾಕಿದ ನಕ್ಷೆಯ ತಳದಲ್ಲಿದ್ದ ಬಿಳಿ ಪಟ್ಟಿಯ ಮೇಲೆ ಕೋಲಿಟ್ಟು, ಇದು ಅಂಟಾರ್ಕ್ಟಿಕಾ, ಇಲ್ಲಿ ಜನವಸತಿ ಇಲ್ಲ ಎಂದು ಹೇಳಿ, ಗಂಟೆ ಬಾರಿಸಿದೊಡನೆ ಮನೆಗೆ ಬಂದು ಚಹಾ ಕುಡಿದವನು. ಆ ಬಿಳಿ ಪಟ್ಟಿಯ ಬಗ್ಗೆ ನನಗೆ ಗೌರವವಿತ್ತು. ಹೋಗುವ ಆಸೆ ಮಾತ್ರ ಎಂದೂ ಇರಲಿಲ್ಲ. ಮಲಪ್ರಭೆಯ ದಂಡೆಯ ಊರಿನಲ್ಲಿ ಹುಟ್ಟಿಯೂ ಮೊಣಕಾಲಿನ ಮೇಲೆ ನೀರು ಬಂದರೆ ಹಿಂದಕ್ಕೆ ಓಡುವವನು ನಾನು. ಇನ್ನು ಥಂಡಿಯ ಮಾತಂತೂ ಬೇಡವೇ ಬೇಡ. ಯುಗಾದಿ ಕಳೆದ ಮೇಲೂ ನನ್ನ ಕಿವಿಗೆ ಮಫ್ಲರ್ ಇರುವುದನ್ನು ಕಂಡು ಹುಡುಗರು ನನಗೊಂದು ಅಡ್ಡಹೆಸರು ಇಟ್ಟಿದ್ದರು. ಅದನ್ನು ಇಲ್ಲಿ ಬರೆಯಲಾರೆ.

ಆಸೆ ಇದ್ದದ್ದು ನನ್ನ ಹೆಂಡತಿ ಕಸ್ತೂರಿಗೆ. ಅವಳು ಮುರಗೋಡದ ಒಕ್ಕಲುತನದ ಮನೆಯವಳು. ಮದುವೆಯಾದಾಗಿನಿಂದ ನಿವೃತ್ತಿಯವರೆಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನಿವೃತ್ತಳಾದಾಗ ಬಂದ ಹಣದಲ್ಲಿ ಏನು ಮಾಡಬೇಕೆಂದು ನೆಂಟರೆಲ್ಲ ಸಲಹೆ ಕೊಟ್ಟರು. ಮನೆಯ ಮೇಲೆ ಇನ್ನೊಂದು ಅಂತಸ್ತು ಎಂದರು, ಕಿತ್ತೂರಿನ ಹತ್ತಿರ ಒಂದು ಪ್ಲಾಟು ಎಂದರು. ಅವಳು ಎಲ್ಲರಿಗೂ ಚಹಾ ಕೊಟ್ಟು ಕಳಿಸಿ, ಒಂದು ಸಂಜೆ ಮೆಂತೆ ಪಲ್ಯದ ಎಲೆ ಬಿಡಿಸುತ್ತ ನನ್ನ ಕಡೆಗೆ ನೋಡದೆಯೇ ಹೇಳಿದಳು.

“ಏನ್ರಿ, ನಾ ಅಂಟಾರ್ಕ್ಟಿಕಾಕ್ಕ ಹೋಗಬೇಕಂತ ಮಾಡೇನಿ. ನೀವೂ ಬರ್ರಿ.”

ನಾನು ನಕ್ಕೆ. ಅವಳು ನಗಲಿಲ್ಲ. ಇಡೀ ಆಯುಷ್ಯ ವಾರ್ಡಿನ ನರಳಾಟದ ನಡುವೆ ನಿಂತವಳಿಗೆ, ಜನವೇ ಇಲ್ಲದ, ಸಪ್ಪಳವೇ ಇಲ್ಲದ ಒಂದು ಜಾಗ ಭೂಮಿಯ ಮೇಲಿದೆ ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿತ್ತಂತೆ. ಅದನ್ನು ಅವಳಿಗೆ ಹೇಳಿದವನು ನಾನೇ, ಮದುವೆಯ ಹೊಸದರಲ್ಲಿ, ನನ್ನ ಪಾಂಡಿತ್ಯ ತೋರಿಸಲು. ಹೆಂಡತಿಯ ಮುಂದೆ ಪಾಂಡಿತ್ಯ ತೋರಿಸುವವರು ಸ್ವಲ್ಪ ಯೋಚಿಸಬೇಕು. ಹೆಂಡತಿಯರು ಮರೆಯುವುದಿಲ್ಲ.

ಒಲ್ಲೆ ಎನ್ನಬಹುದಿತ್ತು. ಆದರೆ ಎರಡೇ ದಿನದಲ್ಲಿ ಸುದ್ದಿ ಬಜಾರದ ತುಂಬ ಹರಡಿತು. ಹರಡಿದವನು ನಾನೇ. ಕಟಿಂಗ್ ಅಂಗಡಿಯಲ್ಲಿ ಕೂತು ದಕ್ಷಿಣ ಗೋಲಾರ್ಧದ ಗಾಳಿಗಳ ಬಗ್ಗೆ ಅರ್ಧ ಗಂಟೆ ಮಾತಾಡಿದ ಮೇಲೆ ಹಿಂದೆ ಸರಿಯುವುದು ಹೇಗೆ? ಹೀಗಾಗಿ ಒಂದು ಚೀಲ ಖಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿಯೊಂದಿಗೆ ವಿಮಾನದ ಮೇಲೆ ವಿಮಾನ ಹತ್ತಿ, ಅರ್ಜೆಂಟೀನಾದ ತುತ್ತತುದಿಯ ಬಂದರಿನಲ್ಲಿ ನಾವು ಹಡಗು ಏರಿದೆವು.

ಮೊದಲಿನ ಎರಡು ದಿನದ ಸಮುದ್ರದ ಬಗ್ಗೆ ನಾನು ಹೆಚ್ಚು ಹೇಳಲಾರೆ, ಏಕೆಂದರೆ ನಾನು ನೋಡಿದ್ದು ಹಾಸಿಗೆಯ ಮೇಲಿನ ಛತ್ತು ಮಾತ್ರ. ಅದೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅರ್ಧ ಹಡಗು ನನ್ನಂತೆಯೇ ಮಲಗಿತ್ತು. ಡಾಕ್ಟರು ಒಬ್ಬರೇ. ಎರಡನೆಯ ದಿನ ನೋಡಿದರೆ ಕಸ್ತೂರಿ ಅವರ ಹಿಂದೆ ಬಕೆಟ್ ಹಿಡಿದು ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದಳು. ಅವಳಿಗೆ ಬರುವುದು ಆಸ್ಪತ್ರೆಯ ಇಂಗ್ಲಿಷು. ಬಾಯಿ ತೆರೆಯಿರಿ, ಉಸಿರು ಎಳೆಯಿರಿ, ಏನೂ ಆಗುವುದಿಲ್ಲ. ಆ ಹಡಗಿನಲ್ಲಿ ಅದಕ್ಕಿಂತ ಹೆಚ್ಚಿನ ಇಂಗ್ಲಿಷು ಯಾರಿಗೂ ಬೇಕಾಗಿರಲಿಲ್ಲ. ಭೂಗೋಳ ಬಲ್ಲವನು ನಾನೊಬ್ಬ ಇದ್ದೇನೆಂದು ಯಾರಿಗೂ ಗೊತ್ತಾಗಲೇ ಇಲ್ಲ. ಮೂರನೆಯ ದಿನಕ್ಕೆ ಎಲ್ಲರೂ ಅವಳನ್ನು ‘ಸಿಸ್ಟರ್’ ಎನ್ನುತ್ತಿದ್ದರು, ನನ್ನನ್ನು ಸಿಸ್ಟರ್ ಗಂಡ ಎಂದು ಗುರುತಿಸುತ್ತಿದ್ದರು.

ಅದೇ ದಿನ ಬೆಳಿಗ್ಗೆ ಸಮುದ್ರ ಶಾಂತವಾಯಿತು. ಕಿಟಕಿಯ ಆಚೆ ನನ್ನ ನಕ್ಷೆಯ ಬಿಳಿ ಪಟ್ಟಿ ಎದ್ದು ನಿಂತಿತ್ತು, ಗುಡ್ಡದ ಮೇಲೆ ಗುಡ್ಡ. ದಂಡೆಗೆ ಹೋಗಲು ರಬ್ಬರಿನ ದೋಣಿ. ದೋಣಿಗೆ ಇಳಿಯಲು ಹಡಗಿನ ಪಕ್ಕಕ್ಕೆ ತೂಗುಬಿಟ್ಟ ಮೆಟ್ಟಿಲು. ಅದರ ಕೆಳಗೆ ಕಪ್ಪು ನೀರು. ಮೊದಲ ಮೆಟ್ಟಿಲಿನ ಮೇಲೆ ನಿಂತು ಕೆಳಗೆ ನೋಡಿದೆ. ನನ್ನ ಕಾಲು ಮುಂದೆ ಹೋಗಲಿಲ್ಲ. ಮೊಣಕಾಲು ಹಿಡಿದುಕೊಂಡಿದೆ ಎಂದು ಹೆಂಡತಿಗೆ ಹೇಳಿದೆ. ರಜಾ ಚೀಟಿಗಾಗಿ ಬಂದವರ ಸುಳ್ಳು ನೋವುಗಳನ್ನು ಇಡೀ ಸರ್ವೀಸಿನಲ್ಲಿ ನೋಡಿದವಳು ಅವಳು. ನನ್ನ ಮೊಣಕಾಲನ್ನು ನೋಡಲಿಲ್ಲ, ಮುಖ ನೋಡಿದಳು.

“ಹಂಗಾರ ನೀವು ಇಲ್ಲೇ ಕುಂದರ್ರಿ. ನಾ ಹೋಗಿ ಬರತೇನಿ.”

ದುರ್ಬೀನು ಹಿಡಿದು ಮೇಲೆ ನಿಂತೆ. ದಂಡೆಯ ಮೇಲೆ ಇಳಿದವರಿಗೆಲ್ಲ ಒಂದೇ ನಮೂನೆಯ ಕಿತ್ತಳೆ ಜಾಕೀಟು, ಒಂದೇ ಟೊಪ್ಪಿಗೆ, ಒಂದೇ ಬೂಟು. ಅವರಲ್ಲಿ ನನ್ನ ಹೆಂಡತಿ ಯಾರು? ಒಂದು ಕಿತ್ತಳೆಯನ್ನು ಹತ್ತು ನಿಮಿಷ ಪ್ರೀತಿಯಿಂದ ನೋಡಿದೆ. ಅದು ತಿರುಗಿದಾಗ ಗಡ್ಡ ಕಾಣಿಸಿತು. ನನಗೆ ದಿಗಿಲಾಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಸೀರೆಯ ಬಣ್ಣ ಇಲ್ಲದಿದ್ದರೆ ಗುರುತೇ ಹತ್ತದೇ? ಅಷ್ಟರಲ್ಲಿ ಒಂದು ಗಿಡ್ಡನೆಯ ಕಿತ್ತಳೆ, ಕರಗಿ ಹರಿಯುತ್ತಿದ್ದ ನೀರಿನ ಸಣ್ಣ ಗೆರೆಯ ಹತ್ತಿರ ಬಂದು ನಿಂತು, ಎಡಗೈಯಿಂದ ಇಲ್ಲದ ನಿರಿಗೆಯನ್ನು ಚೂರು ಎತ್ತಿಕೊಂಡು ದಾಟಿತು. ಪ್ಯಾಂಟು ತೊಟ್ಟಿದ್ದೇನೆಂದು ಅವಳಿಗೆ ಮರೆತುಹೋಗಿತ್ತು. ದುರ್ಬೀನಿನ ಗಾಜು ಮಂಜಾಯಿತು. ಥಂಡಿಗೆ ಎಂದೇ ಹೇಳೋಣ.

ನಾನು ಅವಸರದಿಂದ ಮೆಟ್ಟಿಲಿನ ಕಡೆಗೆ ಹೋಗಿ, ನನ್ನನ್ನೂ ಕರೆದೊಯ್ಯಿರಿ ಎಂದು ದೋಣಿಯವರನ್ನು ಕೇಳಿದೆ. ಗಾಳಿ ಎದ್ದಿದೆ, ಇದ್ದವರನ್ನೇ ವಾಪಸ್ ಕರೆಸುತ್ತಿದ್ದೇವೆ ಎಂದರು. ಕಸ್ತೂರಿ ಬಂದಳು. ಮೂಗು ಕೆಂಪಗಾಗಿತ್ತು, ಪ್ಯಾಂಟಿನ ಹಿಂದೆಲ್ಲ ಹಿಮ. ಹೇಗಿತ್ತು ಎಂದು ಕೇಳಿದೆ.

“ಶಾಂತ ಇರತೈತಿ ಅಂದಿದ್ರಿ. ಪೆಂಗ್ವಿನ್ ಗದ್ದಲ ಸಂತಿಕಿಂತ ಜೋರ ಐತಿ. ವಾಸನಿ ನಮ್ಮ ವಾರ್ಡಿಗಿಂತ ಹೆಚ್ಚ.” ಇಷ್ಟು ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆಮೇಲೆ ಹವೆ ಕೆಟ್ಟು ಎಲ್ಲಿಯೂ ಇಳಿಯಲಾಗಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ದಂಡೆಯ ತುಂಬ ಮಂಜುಗಡ್ಡೆ ಜಮಾಯಿಸಿದ್ದ ಒಂದು ಕೊಲ್ಲಿಯಲ್ಲಿ ದೋಣಿಯಲ್ಲೇ ಸುತ್ತಾಡಿಸಿದರು. ಈ ಸಲ ಅವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು, ನಾನು ಕಣ್ಣು ಮುಚ್ಚಿ ಇಳಿದೆ. ಕೊಲ್ಲಿಯ ನಡುವೆ ಇಂಜಿನ್ ನಿಲ್ಲಿಸಿದರು. ಪಕ್ಷಿಯಿಲ್ಲ, ಗಾಳಿಯಿಲ್ಲ. ಸುತ್ತಲಿನ ಮಂಜಿನ ತುಂಡುಗಳು ಕರಗುತ್ತ, ದೂರದ ಮನೆಯಲ್ಲಿ ಯಾರೋ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಿಟಪಟ ಎನ್ನುತ್ತಿದ್ದವು. ಅದರ ಆಚೆ ಏನೂ ಇಲ್ಲ. ನಾನು ವಿವರಿಸಲು ಬಾಯಿ ತೆರೆದೆ, ಅವಳು ತೋಳನ್ನು ಮೆಲ್ಲಗೆ ಒತ್ತಿದಳು, ಮುಚ್ಚಿದೆ.

ಊರಿಗೆ ಬಂದ ಮೇಲೆ ವಾಚನಾಲಯದಲ್ಲಿ ನನ್ನ ಭಾಷಣ ಇಟ್ಟುಕೊಂಡರು. ಮುಕ್ಕಾಲು ಗಂಟೆ ಮಾತಾಡಿದೆ. ನಾವು ಇಳಿದೆವು, ನಾವು ನಡೆದೆವು ಎಂದು ಬಹುವಚನದಲ್ಲಿ ನಿಭಾಯಿಸಿದೆ. ಕೊನೆಗೆ ಸಂಪಗಾಂವದಿಂದ ಬಂದಿದ್ದ ಒಬ್ಬ ಅಜ್ಜಿ ಎದ್ದು ನಿಂತರು.

“ಅಲ್ರಿ ಮಾಸ್ತರ, ಆ ನೆಲದ ಮ್ಯಾಲೆ ಮೊದಲ ಯಾವ ಕಾಲ ಇಟ್ರಿ? ಬಲಗಾಲೋ, ಎಡಗಾಲೋ?”

ಬಲಗಾಲು ಎಂದೆ. ಹಿಂದಿನ ಸಾಲಿನಲ್ಲಿದ್ದ ಕಸ್ತೂರಿ ತಲೆ ತಗ್ಗಿಸಿ ಸೆರಗಿನ ಅಂಚು ನೋಡತೊಡಗಿದಳು. ಅವಳು ನನ್ನನ್ನು ಬಿಟ್ಟುಕೊಡುವುದಿಲ್ಲ ಎಂದು ಗೊತ್ತಾದ ಮೇಲೆ ನನ್ನಿಂದ ಆ ಸುಳ್ಳಿನ ಮೇಲೆ ನಿಲ್ಲಲಾಗಲಿಲ್ಲ. ನಾನು ಇಳಿಯಲೇ ಇಲ್ಲ, ಹೆದರಿದೆ, ಇಳಿದವರು ಅಲ್ಲಿ ಕೂತಿದ್ದಾರೆ ಎಂದೆ. ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಕಸ್ತೂರಿ ಮೆಲ್ಲಗೆ ಎದ್ದಳು.

“ಎಡಗಾಲ ಇಟ್ಟೆನ್ರಿ ಆಯಿ. ಇಟ್ಟಕೂಡ್ಲೇ ಜಾರಿ ಕುಂತೆ.”

ಅಂದಿನಿಂದ ಕರೆಗಳೆಲ್ಲ ಅವಳಿಗೇ. ಸವದತ್ತಿಯಲ್ಲಿ ಮಾತಾಡಿ ಬರುವಾಗ, ನಾವು ಹೋದ ಜಾಗದ ಅಕ್ಷಾಂಶವನ್ನು ಅವಳು ತಪ್ಪು ಹೇಳಿದ್ದನ್ನು ಬಸ್ಸಿನಲ್ಲಿ ತಿದ್ದಿದೆ. ಅವಳು ಸ್ವಲ್ಪ ಯೋಚಿಸಿದಳು.

“ಹೌದೇನ್ರಿ? ನಾ ನಿಂತ ಜಾಗಾದಾಗ ಅದನ್ನ ಯಾರೂ ಬರೆದಿಟ್ಟಿದ್ದಿಲ್ಲ ನೋಡ್ರಿ.”

ಮುಂದಿನ ವಾರ ರಾಮದುರ್ಗದ ಕಾರ್ಯಕ್ರಮ. ಅವಳ ಕೈಚೀಲ ಹಿಡಿದುಕೊಂಡು, ಹೇಳಿದ ವೇಳೆಗಿಂತ ಹತ್ತು ನಿಮಿಷ ಮೊದಲೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ.