ಡಾಕ್ಟರ ಆ ಒಂದು ಮಾತು

ಸುದ್ದಿ ಹೇಳಿದವರಿಗೆ ಸಂಬಳ ಕೊಡುವುದು ಹಳೆಯ ಪದ್ಧತಿ. ನನಗೆ ಸಂಬಳ ಬರುವುದು ಸುದ್ದಿಯನ್ನು ಹೇಳದೇ ಇರುವುದಕ್ಕೆ. ಗದಗಿನಲ್ಲಿ ಕೂತು ಒಂದು ಸುದ್ದಿ ಜಾಲತಾಣಕ್ಕೆ ಕೆಲಸ ಮಾಡುತ್ತೇನೆ. ಮೊಬೈಲಿನಲ್ಲಿ ಸರಸರ ಸರಿದು ಹೋಗುವ ಓದುಗರನ್ನು ಹಿಡಿದು ನಿಲ್ಲಿಸುವುದು ನನ್ನ ವಿಭಾಗ. ಮುಂಡರಗಿಯಲ್ಲಿ ಮಳೆ ಬಂದರೆ ‘ಮುಂಡರಗಿಯಲ್ಲಿ ಮಳೆ’ ಎಂದು ಬರೆಯುವಂತಿಲ್ಲ. ಅಷ್ಟು ಓದಿದವನು ಒಳಗೆ ಯಾಕೆ ಬಂದಾನು? ‘ಮುಂಡರಗಿ ಜನ ಮುಗಿಲು ನೋಡಿ ದಂಗಾಗಿದ್ದೇಕೆ?’ ಎಂದು ಬರೆದು ಕೈಕಟ್ಟಿ ಕೂರಬೇಕು. ಜನ ಬೈದುಕೊಂಡೇ ಒಳಗೆ ಬರುತ್ತಾರೆ. ಈ ಚಟ ಕಚೇರಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಅನ್ನ ಸೀದರೂ ‘ಕುಕ್ಕರ್ ತೆರೆದಾಗ ಕಂಡಿದ್ದೇನು ಗೊತ್ತಾ?’ ಎಂದೇ ಅಪ್ಪನಿಗೆ ಹೇಳುತ್ತೇನೆ. ಅವನು ಎದ್ದು ಹೋಗಿ ಮುಚ್ಚಳ ತೆಗೆದು ನೋಡುತ್ತಾನೆ, ಪಾಪ.

ಮೊನ್ನೆ ಒಂದು ಬೆಳಿಗ್ಗೆ ಅಪ್ಪನಿಗೆ ಎದೆ ಹಿಡಿದಂತಾಯಿತು. ಸಣ್ಣಪುಟ್ಟದ್ದಕ್ಕೆ ನೋವು ಅನ್ನುವ ಮನುಷ್ಯನಲ್ಲ. ಆಸ್ಪತ್ರೆಗೆ ಹೊರಟಿದ್ದೇವೆ ಎಂದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿ, ಬೆಟಗೇರಿಯ ಮನೆಯಿಂದ ಆಟೋ ಹತ್ತಿದೆವು. ಇಸಿಜಿ, ರಕ್ತಪರೀಕ್ಷೆ ಎಲ್ಲ ಆದಮೇಲೆ ಡಾಕ್ಟರು ನಕ್ಕು, ಹೃದಯ ಗಟ್ಟಿಯಿದೆ, ಇದು ಬರೀ ಗ್ಯಾಸು, ಇನ್ನು ಸಂಜೆಯ ಮಿರ್ಚಿ ಭಜಿ ಬಂದ್ ಅಂದರು. ಹೃದಯದ ಮಾತಿಗೆ ತಲೆಯಾಡಿಸಿದ ಅಪ್ಪ ಮಿರ್ಚಿಯ ಮಾತಿಗೆ ಕುರ್ಚಿಯಲ್ಲಿ ಕುಸಿದು ಕೂತ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಆ ಖುಷಿಯಲ್ಲಿ ಬೆರಳು ತಾನಾಗಿಯೇ ಗುಂಪಿಗೆ ಬರೆಯಿತು: ‘ಡಾಕ್ಟರ ಆ ಒಂದು ಮಾತಿಗೆ ಕುಸಿದು ಕೂತ ಅಪ್ಪ!’ ಉಳಿದದ್ದನ್ನು ಕೆಳಗೆ ಬರೆಯೋಣ ಅನ್ನುವಷ್ಟರಲ್ಲಿ ಔಷಧಿ ಅಂಗಡಿಯವರು ಹೆಸರು ಕೂಗಿದರು. ಸದ್ದು ಬಂದ್ ಮಾಡಿದ್ದ ಫೋನು ಚೀಲ ಸೇರಿತು, ನಾನು ಮರೆತೇಬಿಟ್ಟೆ.

ಅಪ್ಪನಿಗೆ ಒಂದು ಸಲೈನ್ ಹಚ್ಚಿಸಿಕೊಂಡು ಮಧ್ಯಾಹ್ನ ಮನೆ ಮುಟ್ಟಿದರೆ ಬಾಗಿಲ ಮುಂದೆ ಚಪ್ಪಲಿ ರಾಶಿ. ಯಾವ ಆಸ್ಪತ್ರೆಯೆಂದು ಗೊತ್ತಾಗದೆ, ನಾನು ಫೋನೂ ಎತ್ತದ್ದಕ್ಕೆ, ಎಲ್ಲರೂ ನೇರ ಮನೆಗೇ ಬಂದಿದ್ದರು. ಲಕ್ಷ್ಮೇಶ್ವರದ ಕಾಕಾ ಅಂಗಡಿಯ ಶಟರ್ ಎಳೆದು ಬಂದಿದ್ದರು. ಶಿರಹಟ್ಟಿಯ ಅತ್ತೆ, ಅಪ್ಪನ ಒಬ್ಬಳೇ ತಂಗಿ, ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಪ್ಪ ಬಾಳೆಹಣ್ಣಿನ ಚಿಪ್ಪು ಹಿಡಿದು ಆಟೋದಿಂದ ತಾನೇ ಇಳಿದು, ಇದೇನು ಇಷ್ಟು ಮಂದಿ ಎಂದು ನನ್ನನ್ನೇ ಕೇಳಿದ. ಅತ್ತೆ ಓಡಿಬಂದು ಅವನ ಕೆನ್ನೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದಳು. ಸಮಾಧಾನವಾಗುವಷ್ಟು ಅತ್ತು, ನನ್ನ ಕಡೆ ತಿರುಗಿದಳು.

“ಅಲ್ಲಬೇ, ಆರಾಮದಾನ ಅಂತ ಒಂದ ಮಾತು ಬರಿಯಾಕ ನಿನ್ನ ಕೈಗೇನ ಧಾಡಿ ಬಂದಿತ್ತು? ಬಸ್ಸಿನಾಗ ನನ್ನ ಜೀವ ಜೀವದಾಗ ಇರಲಿಲ್ಲ.”

ಓದಿದವರು ಕೂತಲ್ಲಿ ಕೂರಬಾರದು ಎಂದು ಕಚೇರಿಯಲ್ಲಿ ಪಾಠ ಹೇಳುವವಳು ನಾನೇ. ಹಾಗೆ ಎದ್ದು ಬಂದವರ ಮುಖ ನೋಡಿದ್ದು ಮಾತ್ರ ಅದೇ ಮೊದಲು. ಮಿರ್ಚಿಯ ಸಂಗತಿ ಕೇಳಿ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು, ಬೇರೆಯವರ ಮನೆಯ ಸುದ್ದಿಯಾಗಿದ್ದರೆ ಬಹಳ ಚಲೋ ಇತ್ತು ಅಂದರು. ಬೈಗುಳ ತಿನ್ನುತ್ತಲೇ ಎಲ್ಲರಿಗೂ ಉಪ್ಪಿಟ್ಟು ಮಾಡಿದೆ. ಅಷ್ಟು ಹಗುರ ಮನಸ್ಸಿನಿಂದ ನಾನು ಎಂದೂ ಈರುಳ್ಳಿ ಹೆಚ್ಚಿದವಳಲ್ಲ.

ಒಲೆ ಆರಿಸಿ, ಫೋನು ತೆಗೆದು, ಗುಂಪಿಗೆ ಸೀದಾ ಬರೆದೆ: ‘ಅಪ್ಪ ಆರಾಮ ಇದ್ದಾನೆ.’ ಓದಬೇಕಾದವರೆಲ್ಲ ಪಡಸಾಲೆಯಲ್ಲಿ ತಟ್ಟೆ ಹಿಡಿದು ಕೂತಿದ್ದರು, ಯಾರೂ ತೆರೆದು ನೋಡಲಿಲ್ಲ. ನನ್ನ ವಿಭಾಗದ ಪ್ರಕಾರ ಪೂರ್ತಿ ಬಿದ್ದುಹೋದ ಸುದ್ದಿ. ಸ್ವಲ್ಪ ಹೊತ್ತಿಗೆ ಒಂದೇ ಒಂದು ಹೆಬ್ಬೆರಳು ಬಂತು, ಅಪ್ಪನದು. ಇಷ್ಟು ವರ್ಷದ ನೌಕರಿಯಲ್ಲಿ, ಯಾರ ಬಗ್ಗೆ ಬರೆದೆನೋ ಅವರೇ ಓದಿ ಮೆಚ್ಚಿದ್ದು ಇದೊಂದೇ ಸಲ.