ಕತ್ತಲಲ್ಲಿ ಬೆಳೆದ ಬಾಲ

ಕೆಟ್ಟ ಫೋಟೊ ತೆಗೆಯುವುದು ಅಪರಾಧವಲ್ಲ. ಅದನ್ನು ನಾಲ್ಕು ಜನಕ್ಕೆ ತೋರಿಸುವುದೂ ಅಪರಾಧವಲ್ಲ; ಹಾಗೇನಾದರೂ ಆಗಿದ್ದರೆ ಮದುವೆ ಆಲ್ಬಮ್ ಹೊತ್ತು ತಿರುಗುವ ನಮ್ಮ ನೆಂಟರಲ್ಲಿ ಅರ್ಧಕ್ಕರ್ಧ ಜನ ಜೈಲಿನಲ್ಲಿರಬೇಕಾಗಿತ್ತು. ಆದರೆ ಕೆಟ್ಟ ಫೋಟೊಗೆ ಬಂದ ಹೊಗಳಿಕೆಯನ್ನು ಬಾಯಿ ಮುಚ್ಚಿಕೊಂಡು ನುಂಗುವುದಿದೆಯಲ್ಲ, ಅದಕ್ಕೆ ಕ್ಷಮೆಯಿಲ್ಲವೆಂದು ನನಗೀಗ ಖಾತ್ರಿಯಾಗಿದೆ. ಮೊನ್ನೆಯಿಂದ ತಂಗಿಯ ಮುಖ ನೋಡಲು ನಾಚಿಕೆಯಾಗಿ, ಅವಳು ಕಾಫಿ ಕೊಟ್ಟರೆ ಲೋಟವನ್ನೇ ನೋಡುತ್ತ ಕುಡಿಯುತ್ತಿದ್ದೇನೆ.

ಚನ್ನಪಟ್ಟಣದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದ ಮೇಲೆ ಒಂದು ಕ್ಯಾಮೆರಾ ಕೊಂಡೆ. ನನ್ನ ಓರಗೆಯವರು ಬೆಳಿಗ್ಗೆ ವಾಕಿಂಗು, ಸಂಜೆ ಸಕ್ಕರೆ ಕಾಯಿಲೆಯ ಮಾತು ಎಂದು ಕಾಲ ತಳ್ಳುವಾಗ ನಾನು ಕಲಾವಿದನಾಗಲು ಹೊರಟೆ. "ಮೊದಲು ಮನೇಲಿರೋರನ್ನ ನೆಟ್ಟಗೆ ತೆಗೀರಿ" ಎಂದಳು ಹೆಂಡತಿ. ತೆಗೆದೆ, ತಲೆ ಬಂದಿರಲಿಲ್ಲ. ಕಾಡುಪ್ರಾಣಿಗಳಾದರೆ ಫೋಟೊ ತೋರಿಸೆಂದು ಕೇಳುವುದಿಲ್ಲ ಎಂಬ ಧೈರ್ಯದಿಂದ, ಕೈಲಾಂಚದ ಹತ್ತಿರವಿರುವ ತಂಗಿ ಪುಟ್ಟಲಕ್ಷ್ಮಿಯ ಮನೆಗೆ ಬಂದಿಳಿದೆ.

ತಂಗಿ ರೇಷ್ಮೆಹುಳು ಸಾಕುತ್ತಾಳೆ. ಅವಳ ಹಿಪ್ಪುನೇರಳೆ ತೋಟದ ಮೂಲೆಯ ಕಲ್ಲುಗುಡ್ಡೆಯಲ್ಲಿ ಕಾಡುಬೆಕ್ಕೊಂದು ಮರಿ ಹಾಕಿತ್ತು. ಸೂರ್ಯ ಬೆಟ್ಟದ ಹಿಂದೆ ಸರಿದ ಮೇಲೆಯೇ ಅವು ಆಟಕ್ಕಿಳಿಯುವುದು. ಒಂದರ ಕಿವಿಯನ್ನು ಇನ್ನೊಂದು ಕಚ್ಚುತ್ತದೆ, ಮತ್ತೊಂದು ಒಣಗಿದ ಎಲೆಯ ಮೇಲೆ ಮಹಾ ಬೇಟೆಗಾರನಂತೆ ಎರಗಿ ತಾನೇ ಉರುಳುತ್ತದೆ. ಬೆಳಕು ಕಮ್ಮಿಯಾದರೆ ಕ್ಯಾಮೆರಾ ನಿಧಾನವಾಗಿ ಕಣ್ಣು ಮುಚ್ಚುತ್ತದೆ. ಅಷ್ಟರಲ್ಲಿ ಮರಿ ಎರಡು ಪಲ್ಟಿ ಹೊಡೆದಿರುತ್ತದೆ. ಹೀಗಾಗಿ ನನ್ನ ಫೋಟೊದಲ್ಲಿ ಅಲ್ಲಾಡಿದ ಮೋಟು ಬಾಲ ಮಾರುದ್ದ ಬೆಳೆದಿತ್ತು. ಕತ್ತಲೆಂದು ಕ್ಯಾಮೆರಾದಲ್ಲಿ ಏನೇನೋ ಏರಿಸಿದ್ದರಿಂದ ಮೈತುಂಬ ಕಾಳುಕಾಳು ಚುಕ್ಕೆ ಬೇರೆ ಬಿದ್ದಿದ್ದವು.

"ತೋಟದ ಅತಿಥಿಗಳು" ಎಂದು ಬರೆದು ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮಾಗಡಿಯ ಬಾಮೈದ ತಕ್ಷಣ ಬರೆದ: "ಚಿರತೆ ಮರಿಗಳಲ್ವಾ ಭಾವ? ತಾಯಿ ಅಲ್ಲೇ ಇರುತ್ತೆ. ನಿಮ್ದು ಭಾರಿ ಗುಂಡಿಗೆ." ನಮ್ಮ ಬೆಟ್ಟಗಳಲ್ಲಿ ಚಿರತೆಗೇನೂ ಬರವಿಲ್ಲವಾದ್ದರಿಂದ ಎಲ್ಲರೂ ನಂಬಿದರು. ಜಿರಲೆ ಕಂಡರೆ ಮಂಚ ಹತ್ತುವ ನನ್ನನ್ನು ಯಾರೂ ಈವರೆಗೆ ಧೈರ್ಯಶಾಲಿ ಎಂದಿರಲಿಲ್ಲ. ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾದೆ. ಆ ರಾತ್ರಿ ಸೊಗಸಾದ ನಿದ್ದೆ ಬಂತು ಎಂಬುದನ್ನೂ ಹೇಳಿಬಿಡಬೇಕು.

ಬೆಳಿಗ್ಗೆ ತಂಗಿ ಎಬ್ಬಿಸಿದಳು. "ಅಣ್ಣ, ಹುಳ ನಾಕ್ನೇ ಜ್ವರ ಎದ್ದವೆ. ಸೊಪ್ಪು ಕುಯ್ಯಕ್ಕೆ ಒಬ್ರೂ ತೋಟದೊಳಕ್ಕೆ ಬತ್ತಿಲ್ಲ. ನಿನ್ ಫೋಟ ಊರೆಲ್ಲಾ ಓಡಾಡ್ಬುಟ್ಟೈತೆ." ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳುವಿನ ಹಸಿವು ಅಂತಿಂಥದ್ದಲ್ಲ. ಆಗ ಸೊಪ್ಪು ತಪ್ಪಿದರೆ ಗೂಡು ಕಟ್ಟುವುದಿಲ್ಲ; ತಂಗಿ ಅಷ್ಟು ದಿನ ಪಟ್ಟ ಪಾಡೆಲ್ಲ ಮಣ್ಣುಪಾಲು. ಹುಳುಮನೆಗೆ ಇಣುಕಿದೆ. ಬರಿಯ ಕಡ್ಡಿಗಳ ಮೇಲೆ ಅವು ತಲೆಯೆತ್ತಿ ತಡಕಾಡುತ್ತಿದ್ದವು. 

ರಸ್ತೆಯಲ್ಲಿ ಗುಂಪಾಗಿ ನಿಂತಿದ್ದ ಕೂಲಿ ಹೆಂಗಸರ ಬಳಿ ಹೋಗಿ ನಿಜ ಹೇಳಿದೆ: ಅವು ಬೆಕ್ಕಿನ ಮರಿಗಳು, ಬಾಲ ಬೆಳೆಸಿದವನು ನಾನು, ಚುಕ್ಕೆ ಇಟ್ಟವನೂ ನಾನು. ಅವರಲ್ಲಿ ಹಿರಿಯಳಾದ ಸಾಕಮ್ಮ ಮೊಬೈಲನ್ನು ಹತ್ತಿರ ಹಿಡಿದು ನೋಡಿ, "ನಮ್ಗೆ ಧೈರ್ಯ ಬರ್ಲಿ ಅಂತ ಹಿಂಗಂತಾವ್ರೆ ಮೇಷ್ಟ್ರು. ಚುಕ್ಕಿ ಕಣ್ಗೇ ಕಾಣ್ತಾವಲ್ಲ" ಎಂದಳು. ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಮರ್ಯಾದೆ ಇಷ್ಟೇ.

ಬೇರೆ ದಾರಿಯಿಲ್ಲದೆ, ಎಲ್ಲರೂ ನೋಡುತ್ತಿರುವಾಗ ಕುಡುಗೋಲು ಹಿಡಿದು ನಾನೇ ತೋಟಕ್ಕಿಳಿದೆ. ನಾಲ್ಕು ಕಡ್ಡಿ ಕುಯ್ದಿದ್ದೆ. ಬುಡದಲ್ಲಿ ಸರಸರ ಸದ್ದಾಯಿತು. ಅದು ಬೆಕ್ಕು ಎಂದು ಇಡೀ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೂ ಕುಡುಗೋಲು ಎಸೆದು, ಪಂಚೆ ಎತ್ತಿಕೊಂಡು, ಎರಡು ಸಲ ಮುಗ್ಗರಿಸಿ ರಸ್ತೆಗೆ ಬಂದು ನಿಂತೆ. "ಏನಾಯ್ತಣ್ಣ?" ಎಂದಳು ತಂಗಿ. ನನ್ನ ಬಾಯಿ "ಚಿರತೆ" ಎಂದಿತು.

ತಂಗಿ ನನ್ನನ್ನೇ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಸಾಕಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಡೀರಮ್ಮ, ಅದು ಬೆಕ್ಕೇಯ. ಚಿರತೆಯಾಗಿದ್ರೆ ಈ ಓಟ ಓಡ್ಕೊಂಡು ಮೇಷ್ಟ್ರು ಇಲ್ಲೀಗಂಟ ಬಂದು ಮುಟ್ತಿದ್ರಾ?" ಎಂದು ತೋಟಕ್ಕೆ ಇಳಿದೇಬಿಟ್ಟಳು. ಮಿಕ್ಕವರೂ ನಗುತ್ತ ಹಿಂದೆ ಹೋದರು. ಮಧ್ಯಾಹ್ನಕ್ಕೆಲ್ಲ ಹುಳುಗಳು ಹೊಟ್ಟೆ ತುಂಬ ತಿಂದವು. ನಾನು ನಿಜ ಹೇಳಿದಾಗ ಯಾರೂ ನಂಬಲಿಲ್ಲ; ಸುಳ್ಳು ಹೇಳಿದ ಮೇಲೆ ಎಲ್ಲರಿಗೂ ನಿಜ ಗೊತ್ತಾಯಿತು.