ಚಟ್ನಿಯಿಂದ ಕಾಯಿ ವಾಪಸ್

ಜಂಬ ಕೊಚ್ಚಿಕೊಳ್ಳೋದು ನನಗೆ ಬರಲ್ಲ. ನಡೆದದ್ದನ್ನು ಹೇಳಿದರೇ ಜಂಬದ ಹಾಗೆ ಕೇಳಿಸುತ್ತೆ, ಅದಕ್ಕೆ ನಾನೇನು ಮಾಡಲಿ? ಅರಸೀಕೆರೆಯ ನಮ್ಮ ತೆಂಗು ಬೆಳೆಗಾರರ ಸಂಘಕ್ಕೆ, ಮೊಬೈಲಿನಲ್ಲೇ ಕೊಬ್ಬರಿ ದರ ನೋಡುವ ಆ್ಯಪ್ ಬರೆದವನು ನಾನು. ಅದಕ್ಕೆ ಲಾಗಿನ್ ಇಟ್ಟ ದಿನ ತಿಪಟೂರಿನ ಸಂಘದವರು ಹೊಟ್ಟೆ ಉರಿದುಕೊಂಡರಂತೆ. ಆ ಸುದ್ದಿ ಹಬ್ಬಿಸಿದವನೂ ನಾನೇ.

ಅಧ್ಯಕ್ಷರದು ಒಂದೇ ಮಾತು: "ಮಹಾಸಭೆಯಲ್ಲಿ ಎಲ್ಲರೆದುರು ಇದು ಭದ್ರ ಅಂತ ತೋರಿಸಿ. ಇಲ್ಲಾಂದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀವಿ."

ಹೆಸರು ಕದ್ದೋರು

ಲಾಗಿನ್‌ನಲ್ಲಿ ಒಬ್ಬ ಸದಸ್ಯರಿಗೆ ಒಂದೇ ಹೆಸರು, ಒಂದರ ಹಾಗೆ ಇನ್ನೊಂದು ಇರಬಾರದು. ಜಾವಗಲ್‌ನವರೊಬ್ಬರು 'ಮಂಜಣ್ಣ' ಅಂತ ಒತ್ತಿದರು. 'ಈ ಹೆಸರನ್ನು ಬೇರೊಬ್ಬರು ತೆಗೆದುಕೊಂಡಿದ್ದಾರೆ' ಅಂತ ಬಂತು. ಸಿಕ್ಕಿದ ಬಸ್ಸು ಹತ್ತಿ ಬಂದೇಬಿಟ್ಟರು.

"ಯಾವನವ್ನು ನನ್ ಹೆಸ್ರು ತಗಂಡೋನು? ನಮ್ಮಜ್ಜ ಮಡಗಿದ್ ಹೆಸ್ರು ಅದು!"

"ಪಕ್ಕದಲ್ಲಿ ಎರಡು ಅಂತ ಹಾಕಿ, ಆಗುತ್ತೆ" ಅಂದೆ.

"ನಾನು ಎರಡ್ನೇ ಮಂಜಣ್ಣಾನಾ?"

ಕೊನೆಗೆ 'ಒರಿಜಿನಲ್ ಮಂಜಣ್ಣ' ಅಂತ ಸೇರಿಸಿ, ಕಾಫಿ ಕುಡಿಸಿ ಕಳಿಸಿದೆ. ಆಮೇಲೆ ಹಳೇಬೀಡಿನಿಂದ ಇನ್ನೊಬ್ಬರು ಬಂದರು. ಅವರು ಈಗ 'ಅಸಲಿ ಮಂಜಣ್ಣ'.

ದುರ್ಬಲ ದೇವರು

ಬಸ್ತಿಹಳ್ಳಿಯ ಅಜ್ಜಿಯೊಬ್ಬರು ಫೋನ್ ಮಾಡಿದರು. "ಏನಪ್ಪಾ, ಪಾಸ್‌ವರ್ಡಿಗೆ ನಮ್ಮನೆ ದೇವ್ರ ಹೆಸ್ರು ಹಾಕಿದೀನಿ. ದುರ್ಬಲ ಅಂತೈತಲ್ಲ ನಿನ್ ಕಂಪ್ಯೂಟ್ರು! ಅದರ ನಾಲ್ಗೆ ಬಿದ್ದೋಗ!"

ಅವತ್ತೇ ಆ ಸಾಲು ಬದಲಾಯಿಸಿದೆ: 'ದೇವರು ಬಲಶಾಲಿ. ಆದರೂ ಜೊತೆಗೆ ಒಂದು ಅಂಕಿ ಇರಲಿ.'

ಬಿಪಿ ಇರೋರ ಪಾಸ್‌ವರ್ಡ್

ಒಂದು ದಿನ ಅಧ್ಯಕ್ಷರು ಕೇಳಿದರು, "ಎಲ್ಲರ ಪಾಸ್‌ವರ್ಡ್ ಎಲ್ಲಿಟ್ಟಿದೀರಿ? ತೋರಿಸಿ."

"ಪಾಸ್‌ವರ್ಡ್ ಇಡೋದೇ ಇಲ್ಲ ಸ್ವಾಮಿ. ಅರೆದು ಚಟ್ನಿ ಮಾಡಿ, ಆ ಚಟ್ನಿ ಮಾತ್ರ ಇಡ್ತೀನಿ. ಮತ್ತೆ ಬಂದು ಒತ್ತಿದಾಗ ಅದನ್ನೂ ಅರೀತೀನಿ. ಎರಡೂ ಒಂದೇ ಆದ್ರೆ ಬಾಗಿಲು ತೆಗೀತೀನಿ. ಕಳ್ಳ ಬಂದ್ರೂ ಸಿಗೋದು ಚಟ್ನಿ. ಚಟ್ನಿಯಿಂದ ಕಾಯಿ ವಾಪಸ್ ಬರುತ್ತಾ?"

"ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟಿದ್ರೆ?"

"ಒಬ್ಬೊಬ್ಬರಿಗೆ ಬೇರೆ ಬೇರೆ ಉಪ್ಪು ಹಾಕಿ ಅರೀತೀನಿ, ಚಟ್ನಿ ಒಂದೇ ಆಗಲ್ಲ. ತಮಾಷೆಯಲ್ಲ, ಹಾಗೆ ಸೇರಿಸೋ ಅಕ್ಷರಗಳನ್ನ ಕಂಪ್ಯೂಟರಿನವರೂ ಉಪ್ಪು ಅಂತಲೇ ಅನ್ನೋದು."

ಅಧ್ಯಕ್ಷರು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು: "ನನಗೆ ಬಿಪಿ ಇದೆ ಕಣ್ರೀ. ನನ್ನದಕ್ಕೆ ಸ್ವಲ್ಪ ಕಮ್ಮಿ ಹಾಕಿ."

ಮಹಾಸಭೆ

ಸಭಾಂಗಣ ತುಂಬಿತ್ತು. ಮಂಜಣ್ಣಂದಿರೆಲ್ಲ ಮುಂದಿನ ಸಾಲಿನಲ್ಲೇ ಇದ್ದರು. ಮೈಕು ಹಿಡಿದು ಗುಡುಗಿದೆ: "ಬೇಲೂರು ದೇವಸ್ಥಾನದ ಕಲ್ಲಾದರೂ ಅಲ್ಲಾಡೀತು, ನನ್ನ ಲಾಗಿನ್ ಅಲ್ಲಾಡಲ್ಲ! ಇದನ್ನು ಮಾಡಿದ ನಾನೇ ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಕ್ಕಾಗಲ್ಲ!"

ಚಪ್ಪಾಳೆ ಬಿತ್ತು. ನನ್ನ ಪಾಸ್‌ವರ್ಡ್ ಒತ್ತಿದೆ. ತಪ್ಪು. ಇನ್ನೊಂದು ಒತ್ತಿದೆ. ಅದೂ ತಪ್ಪು. 'ನೀವು ಯಾರೋ ಅನುಮಾನಾಸ್ಪದ ವ್ಯಕ್ತಿ. ಇನ್ನೊಂದೇ ಅವಕಾಶ' ಅಂತ ನಾನೇ ಬರೆದ ಸಾಲು ಪರದೆಯ ಮೇಲೆ ದೊಡ್ಡದಾಗಿ ಬಂತು.

"ನಿಜವಾಗ್ಲೂ ಭದ್ರವಾಗೈತೆ ಬುಡ್ರಪ್ಪಾ" ಅಂದರು ಒರಿಜಿನಲ್ ಮಂಜಣ್ಣ.

ಅಧ್ಯಕ್ಷರು ಮುಖ ಗಂಟಿಕ್ಕಿದರು. ಅಷ್ಟರಲ್ಲಿ ನನ್ನ ಫೋನ್ ಬಡಕೊಂಡಿತು. ಗಾಬರಿಯಲ್ಲಿ ಎಲ್ಲಿ ಒತ್ತಿದೆನೋ, ಸ್ಪೀಕರ್ ಆನ್ ಆಯಿತು. ಮೈಕು ಪಕ್ಕದಲ್ಲೇ ಇತ್ತು. ಮಿಕ್ಸಿ ಸದ್ದಿನ ನಡುವೆ ನಮ್ಮಾಕೆಯ ದನಿ ಸಭೆಗೆಲ್ಲ ಕೇಳಿಸಿತು.

"ರೀ, ಊಟಕ್ಕೆ ಬರ್ತೀರೋ ಇಲ್ವೋ?"

"ಪಾಸ್‌ವರ್ಡ್ ಮರ್ತೋಗಿದೆ ಕಣೇ, ಆಮೇಲೆ ಮಾಡು!"

ಮಿಕ್ಸಿ ನಿಂತಿತು. "ಅದಕ್ಯಾಕೆ ಒದ್ದಾಡ್ತೀರಿ? ದಿನಾ ಬಾಯಲ್ಲಿ ಬರೋದೇ ತಾನೇ ಇಟ್ಟಿರ್ತೀರಿ. 'ನನ್ನಂಥೋನಿಲ್ಲ' ಅಂತ ಒತ್ತಿ, ಪಕ್ಕದಲ್ಲಿ ಒಂದು ಹಾಕಿ."

"ಒಂದು ಯಾಕೆ?"

"ಎರಡನೇ ನಂಬರು ನೀವು ಯಾವತ್ತು ಒಪ್ಪಿದೀರಿ?"

ಒತ್ತಿದೆ. ಬಾಗಿಲು ತೆರೆಯಿತು.

ಅಧ್ಯಕ್ಷರು ಎದ್ದು ನಿಂತು ಕೈ ಮುಗಿದರು. "ಸ್ವಾಮಿ, ಚಟ್ನಿಯಿಂದ ಕಾಯಿ ವಾಪಸ್ ಬಂತಲ್ಲ!"

ನಗು ನಿಂತ ಮೇಲೆ ನನ್ನ ಆ್ಯಪಿಗೆ ಒಪ್ಪಿಗೆ ಸಿಕ್ಕಿತು. ಒಂದೇ ಷರತ್ತು: ಇನ್ನು ಮುಂದೆ ನನ್ನ ಪಾಸ್‌ವರ್ಡನ್ನು ನಮ್ಮಾಕೆಯೇ ಇಡಬೇಕು. ಇಟ್ಟಿದ್ದಾಳೆ. ಎಂಥಾ ಭದ್ರ ಅಂತೀರಿ! ನನಗೇ ಇನ್ನೂ ಹೇಳಿಲ್ಲ.